ಕರುಳಿನ ಹಾದಿಗೆ ತಡೆ

ಕಾಲುವೆಯಲ್ಲಿ ನೀರು ಸರಾಗವಾಗಿ ಹರಿಯುತ್ತಿರುವಾಗ ಅದರತ್ತ ಯಾರ ಗಮನವೂ ಹರಿಯುವುದಿಲ್ಲ. ಕಸಕಡ್ಡಿ ಅಡ್ಡಗಟ್ಟಿತೆಂದರೆ ಹಿಂದೆ ನೀರು ತುಂಬಿ ಏರಿ ಬಿರಿಯುತ್ತದೆ; ಮುಂದಿನ ಗದ್ದೆ ಒಣಗುತ್ತದೆ. ನಮ್ಮ ಕರುಳೂ ಇಂತಹುದೇ ಒಂದು ಕಾಲುವೆ.

ವಯಸ್ಕರಲ್ಲಿ ಸಣ್ಣ ಕರುಳು ಸುಮಾರು 6 ಮೀಟರ್, ದೊಡ್ಡ ಕರುಳು ಸುಮಾರು 1.5 ಮೀಟರ್ ಉದ್ದವಾಗಿರುತ್ತದೆ. ಕರುಳಿನ ಗೋಡೆಯ ಸ್ನಾಯುಗಳು ಅಲೆಯಲೆಯಾಗಿ ಸಂಕುಚಿಸಿ ಆಹಾರವನ್ನು ಮುಂದಕ್ಕೆ ತಳ್ಳುತ್ತವೆ. ಕುಡಿದ ನೀರು, ಲಾಲಾರಸ, ಜಠರರಸ, ಪಿತ್ತರಸ ಮೊದಲಾದವು ಸೇರಿ ದಿನಕ್ಕೆ 8-9 ಲೀಟರು ದ್ರವ ಈ ಹಾದಿಗೆ ಇಳಿಯುತ್ತದೆ. ಅದರ ಬಹುಭಾಗವನ್ನು ಕರುಳು ಹೀರಿ ರಕ್ತಕ್ಕೆ ಮರಳಿಸುತ್ತದೆ.

ಈ ಹಾದಿ ಮುಚ್ಚಲು ಕಾರಣಗಳು ಹಲವು. ಶಸ್ತ್ರಚಿಕಿತ್ಸೆಯ ತರುವಾಯ ಕರುಳಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳಬಹುದು, ಹರ್ನಿಯದಲ್ಲಿ ಕರುಳು ಸಿಕ್ಕಿಕೊಳ್ಳಬಹುದು, ತಿರುಚಿಕೊಳ್ಳಬಹುದು, ಗಡ್ಡೆ ಬೆಳೆಯಬಹುದು. ಎಳೆಯ ಕೂಸುಗಳಲ್ಲಿ ಕರುಳಿನ ಒಂದು ಭಾಗ ಇನ್ನೊಂದರೊಳಗೆ ತೂರಿಕೊಳ್ಳುವುದುಂಟು. ಮಕ್ಕಳಲ್ಲಿ ಜಂತುಹುಳುಗಳು ಉಂಡೆಗಟ್ಟಿ ನಿಲ್ಲುವುದೂ ಉಂಟು.

ಹಾದಿ ಮುಚ್ಚಿದಾಗ ಬಿಟ್ಟುಬಿಟ್ಟು ಹಿಂಡುವ ನೋವು, ವಾಂತಿ, ಹೊಟ್ಟೆಯುಬ್ಬರ, ಮಲ ಮತ್ತು ವಾಯು ಹೊರಹೋಗದಿರುವುದು ಎಂಬ ನಾಲ್ಕು ಲಕ್ಷಣಗಳು ತೋರುತ್ತವೆ. ದ್ರವವು ಕರುಳಿನಲ್ಲಿಯೇ ನಿಂತು ದೇಹ ನೀರಿಲ್ಲದೆ ಬಳಲುತ್ತದೆ. ರಕ್ತನಾಳಗಳೂ ಅದುಮಿಹೋದರೆ ಕೆಲವೇ ಗಂಟೆಗಳಲ್ಲಿ ಕರುಳಿನ ಆ ಭಾಗ ಸತ್ತು ತೂತಾಗಬಹುದು. ಆಗ ನಂಜು ಹರಡಿ ಪ್ರಾಣಕ್ಕೇ ಅಪಾಯ.

ನಾನು ಹಳ್ಳಿಯೊಂದರಲ್ಲಿ ಅಧ್ಯಾಪಕನಾಗಿದ್ದಾಗ ನಮ್ಮ ತರಗತಿಯ ಹುಡುಗನೊಬ್ಬ ಹೊಟ್ಟೆನೋವಿನಿಂದ ಹೊರಳಾಡುತ್ತಿದ್ದ. ಅವನ ಅಜ್ಜಿ ಹರಳೆಣ್ಣೆಯ ಬಟ್ಟಲು ಹಿಡಿದು ನಿಂತಿದ್ದರು. ನೆರೆಮನೆಯ ದಾದಿಯೊಬ್ಬರು ಅದನ್ನು ತಡೆದು, ಅವನನ್ನು ಕೂಡಲೇ ಆಸ್ಪತ್ರೆಗೆ ಸಾಗಿಸಿದರು. ಜಂತುಹುಳುಗಳ ಉಂಡೆಯಿಂದ ಅವನ ಕರುಳು ಕಟ್ಟಿತ್ತು. ಹುಡುಗ ಉಳಿದ. ಮುಚ್ಚಿದ ಹಾದಿಯಲ್ಲಿ ಭೇದಿಯ ಮದ್ದು ಒತ್ತಡವನ್ನು ಹೆಚ್ಚಿಸುತ್ತದೆ. ಕರುಳು ಬಿರಿಯಲೂಬಹುದು ಎಂಬುದನ್ನು ನಾವು ಅಂದು ಕಲಿತೆವು.

ಆಸ್ಪತ್ರೆಯಲ್ಲಿ ಬಾಯಿಯ ಆಹಾರವನ್ನು ನಿಲ್ಲಿಸಿ, ಮೂಗಿನಿಂದ ಜಠರಕ್ಕೆ ನಳಿಕೆಯಿಳಿಸಿ ಒಳಗೆ ನಿಂತುದನ್ನು ಹೊರತೆಗೆಯುತ್ತಾರೆ. ರಕ್ತನಾಳದ ಮೂಲಕ ದ್ರವ ಕೊಡುತ್ತಾರೆ. ಕೆಲವು ತಡೆಗಳು ಇಷ್ಟರಿಂದಲೇ ಬಿಡುತ್ತವೆ. ಉಳಿದವುಗಳಿಗೆ ಶಸ್ತ್ರಚಿಕಿತ್ಸೆ ಬೇಕು.

ಎಲ್ಲ ತಡೆಗಳನ್ನೂ ನಾವು ನಿವಾರಿಸಲಾರೆವು. ಆದರೆ ಶೌಚಾಲಯದ ಬಳಕೆ, ಸಾಬೂನಿನಿಂದ ಕೈತೊಳೆಯುವ ಅಭ್ಯಾಸ, ತೊಳೆದ ತರಕಾರಿ ಇವು ಜಂತುಹುಳುಗಳನ್ನು ದೂರವಿಡುತ್ತವೆ. 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆಗಳಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆಯ ಉದ್ದೇಶವೂ ಇದೇ. ಆ ಅಜ್ಜಿಯಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಪ್ರೀತಿಯ ಜೊತೆಗೆ ತಿಳಿವಳಿಕೆಯೂ ಇರಬೇಕು. ಅದನ್ನು ಮನೆಗೆ ಕೊಂಡೊಯ್ಯಬೇಕಾದವರು ನೀವು.