ಆಟಕ್ಕುಂಟು, ಲೆಕ್ಕಕ್ಕೂ ಉಂಟು

ಬ್ಯಾಂಕಿನ ದಾಖಲೆಯಲ್ಲಿ ನನ್ನ ಜನ್ಮದಿನಾಂಕ 1952ರ ಜೂನ್ 1. ನಮ್ಮ ಶಾಖೆಯಲ್ಲಿ ಜೂನ್ 1ರಂದೇ ಹುಟ್ಟಿದವರು ಮೂವರಿದ್ದೆವು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಮ್ಮ ಕಾಲದಲ್ಲಿ ಮಕ್ಕಳು ಹುಟ್ಟುತ್ತಿದ್ದದ್ದು ಮನೆಯಲ್ಲಿ, ಜನ್ಮದಿನಾಂಕ ಹುಟ್ಟುತ್ತಿದ್ದದ್ದು ಶಾಲೆಯಲ್ಲಿ. ಅಪ್ಪ ಕೈಹಿಡಿದು ಕರೆದುಕೊಂಡು ಹೋದರೆ ಮೇಷ್ಟ್ರು ಹುಡುಗನನ್ನು ಮೇಲಿನಿಂದ ಕೆಳಗೆ ನೋಡಿ, ವಯಸ್ಸು ಸಾಲದಿದ್ದರೆ ಜೂನ್ 1 ಎಂದು ಬರೆದು ಸೇರಿಸಿಕೊಂಡುಬಿಡುತ್ತಿದ್ದರು. ಅಮ್ಮ ಹೇಳುತ್ತಿದ್ದ ಪ್ರಕಾರ ನಾನು ಹುಟ್ಟಿದ್ದು ದೊಡ್ಡಹಬ್ಬ ಕಳೆದ ಎಂಟನೆಯ ದಿನ. ನಮ್ಮ ಸಾಗರದ ಕಡೆ ದೊಡ್ಡಹಬ್ಬ ಎಂದರೆ ದೀಪಾವಳಿ. ಮೇಷ್ಟ್ರ ಒಂದು ಗೀಟಿನಿಂದ ನಾನು ಐದು ತಿಂಗಳು ಮೊದಲೇ ಹುಟ್ಟಿದೆ, ಐದು ತಿಂಗಳು ಮೊದಲೇ ನಿವೃತ್ತನೂ ಆದೆ. ಐದು ತಿಂಗಳ ಸಂಬಳ ಖೋತಾ!

ಸಂಬಳ ಹೋದದ್ದು ಆಮೇಲಿನ ಮಾತು. ಅದಕ್ಕಿಂತ ಮೊದಲು ಹೋದದ್ದು ಆಟ. ಕಾಗದದ ಮೇಲೆ ದೊಡ್ಡವನಾದ ನಾನು ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡ. ಕಬಡ್ಡಿಗೆ ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತಾ ಹೋದರೆ ಕೊನೆಗೆ ಉಳಿಯುವವನು ನಾನೇ. “ಇವ ಆಟಕ್ಕುಂಟು, ಲೆಕ್ಕಕ್ಕಿಲ್ಲ” ಎಂದು ಯಾವುದೋ ಒಂದು ಕಡೆಗೆ ತಳ್ಳುತ್ತಿದ್ದರು. ಆ ಮಾತು ಮತ್ತೆ ನೆನಪಾದದ್ದು ಕಳೆದ ವರ್ಷ, ಅಮೆರಿಕದ ಒಂದು ಫುಟ್‌ಬಾಲ್ ಮೈದಾನದಲ್ಲಿ.

2025ರ ಬೇಸಿಗೆಯಲ್ಲಿ ನಾನು ಮಗಳ ಮನೆಗೆ ಹೋಗಿದ್ದೆ. ಅವರಿರುವುದು ನಾರ್ತ್ ಕೆರೊಲಿನಾ ರಾಜ್ಯದ ಕೇರಿ ಎಂಬ ಪಟ್ಟಣದಲ್ಲಿ. ಹೆಸರು ಕೇಳಿ ನಮ್ಮೂರಿನ ಮೇಲಿನಕೇರಿ, ಕೆಳಗಿನಕೇರಿ ನೆನಪಾಗಿ ನಗು ಬಂತು. ಆ ಊರಿಗೆ ಫುಟ್‌ಬಾಲ್ ಹುಚ್ಚು. ಅಲ್ಲಿಯವರು ಅದನ್ನು ಸಾಕರ್ ಎನ್ನುತ್ತಾರೆ. ಮಹಿಳೆಯರ ವೃತ್ತಿಪರ ಲೀಗಿನಲ್ಲಿ ಆಡುವ ‘ನಾರ್ತ್ ಕೆರೊಲಿನಾ ಕರೇಜ್’ ತಂಡದ ಮೈದಾನ ಇರುವುದೂ ಅಲ್ಲೇ. ಮೊಮ್ಮಗಳು ಪುಟ್ಟಿಯ ಕೋಣೆಯ ಗೋಡೆಯ ತುಂಬ ಆ ತಂಡದ ಆಟಗಾರ್ತಿಯರ ಚಿತ್ರಗಳು.

ಅಲ್ಲಿ ಮಕ್ಕಳ ಫುಟ್‌ಬಾಲಿನಲ್ಲಿ ಎರಡು ದಾರಿಗಳಿವೆ. ಒಂದು, ಖುಷಿಗಾಗಿ ಆಡುವುದು. ಹೆಸರು ಕೊಟ್ಟವರಿಗೆಲ್ಲ ಜಾಗ ಉಂಟು. 1964ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಎ.ವೈ.ಎಸ್.ಒ. ಎಂಬ ಸಂಸ್ಥೆಯ ನಿಯಮವೇ ‘ಎಲ್ಲರೂ ಆಡಬೇಕು’ ಎಂಬುದು. ಪ್ರತಿ ಮಗುವೂ ಪ್ರತಿ ಪಂದ್ಯದ ಅರ್ಧ ಹೊತ್ತಾದರೂ ಮೈದಾನದಲ್ಲಿರಬೇಕು, ತಂಡಗಳೂ ಸಮಬಲದವಾಗಿರಬೇಕು. ಇನ್ನೊಂದು, ಸ್ಪರ್ಧೆಯ ದಾರಿ. ಅದಕ್ಕೆ ಕ್ಲಬ್ಬು, ತರಬೇತುದಾರ, ಬೇರೆ ಊರುಗಳಿಗೆ ಪ್ರಯಾಣ ಎಲ್ಲ ಇರುತ್ತದೆ. ಶುಲ್ಕ ಕೇಳಿದರೆ ನನಗೆ ನನ್ನ ಪಿಂಚಣಿ ನೆನಪಾಗುತ್ತದೆ. ಈ ದಾರಿಯ ಹೆಬ್ಬಾಗಿಲೇ ಟ್ರೈಔಟ್, ಅಂದರೆ ಆಯ್ಕೆ ಪರೀಕ್ಷೆ. ಒಂದು ವರ್ಷ ಆಡಿದವರೂ ಮರುವರ್ಷಕ್ಕೆ ಮತ್ತೆ ಪರೀಕ್ಷೆಗೆ ನಿಲ್ಲಬೇಕು.

ಈ ಪರೀಕ್ಷೆ ಬರುವುದು ಸಾಮಾನ್ಯವಾಗಿ ಮೇ, ಜೂನ್ ತಿಂಗಳಲ್ಲಿ. ಹೊಸ ಋತು ಆಗಸ್ಟ್‌ನಲ್ಲಿ ಶುರು. ಅಷ್ಟರೊಳಗೆ ತಂಡಗಳನ್ನು ಲೀಗಿನಲ್ಲಿ ನೋಂದಾಯಿಸಬೇಕು, ಮೈದಾನ ಕಾದಿರಿಸಬೇಕು, ಸಮವಸ್ತ್ರ ಹೊಲಿಸಬೇಕು, ಯಾವ ತಂಡಕ್ಕೆ ಯಾವ ತರಬೇತುದಾರ ಎಂದು ಗೊತ್ತು ಮಾಡಬೇಕು. ಆದರೆ ಶಾಲೆಯ ಪರೀಕ್ಷೆ, ವಾರ್ಷಿಕೋತ್ಸವ, ಗುಡುಗು ಮಳೆ, ಇವೂ ಅದೇ ತಿಂಗಳಲ್ಲಿ. ಪುಟ್ಟಿಯ ಗುಂಪಿಗೆ ಕ್ಲಬ್ಬಿನವರು ಗೊತ್ತು ಮಾಡಿದ್ದು ಎರಡು ಸಂಜೆ, ಮಂಗಳವಾರ ಮತ್ತು ಗುರುವಾರ. ಗುರುವಾರವೇ ಅವಳ ಶಾಲೆಯ ಸಂಗೀತ ಕಾರ್ಯಕ್ರಮ. “ಮಂಗಳವಾರ ಪೂರ್ತಿ ಆಡ್ತಾಳಲ್ಲ, ಗುರುವಾರ ಅರ್ಧ ಗಂಟೆ ಬಂದರೂ ಸಾಕು” ಎಂದು ಮಗಳು ಸಮಾಧಾನ ಮಾಡಿಕೊಂಡಳು.

ಮಂಗಳವಾರ ನಾನೂ ಹೋದೆ. ಮೈದಾನದ ಬದಿಯಲ್ಲಿ ಎರಡು ಮೇಜು. ತಂದೆ ತಾಯಂದಿರೇ ಸ್ವಯಂಸೇವಕರಾಗಿ ಕೂತು ಹೆಸರು ಬರೆದುಕೊಂಡು, ಪ್ರತಿ ಹುಡುಗಿಗೂ ನಂಬರಿರುವ ತೋಳಿಲ್ಲದ ಮೇಲಂಗಿ ಕೊಡುತ್ತಿದ್ದರು. ಸ್ವಲ್ಪ ಹೊತ್ತಿನಲ್ಲೇ ಗಲಾಟೆ. ಮೈದಾನದಲ್ಲಿ 17ನೆಯ ನಂಬರಿನವರು ಇಬ್ಬರು! ಎರಡು ಮೇಜಿನಿಂದಲೂ ಒಂದರಿಂದ ಶುರುಮಾಡಿ ಹಂಚಿದ್ದರು. ಅಂಕ ಹಾಕುವವರು 17ರ ಎದುರು ಬರೆದದ್ದು ಯಾರ ಖಾತೆಗೆ? ನಾನು ಕೌಂಟರಿನಲ್ಲಿ ಹಿತ್ತಾಳೆ ಟೋಕನ್ ಹಂಚಿದವನು. ಸುಮ್ಮನಿರಲಾಗಲಿಲ್ಲ. “ಈ ಮೇಜಿನಿಂದ 1ರಿಂದ 50, ಆ ಮೇಜಿನಿಂದ 51ರಿಂದ ಮುಂದೆ ಕೊಡಿ” ಎಂದೆ. ನನ್ನ ಇಂಗ್ಲಿಷು ಅವರಿಗೆ ಎಷ್ಟು ಅರ್ಥವಾಯಿತೋ, ಕೈಸನ್ನೆ ಅರ್ಥವಾಯಿತು. ಅಂದಿನಿಂದ ನನಗೂ ಒಂದು ಕುರ್ಚಿ ಸಿಕ್ಕಿತು.

ಪರೀಕ್ಷೆ ನಾನು ಅಂದುಕೊಂಡಂತೆ ಇರಲಿಲ್ಲ. ಒಬ್ಬೊಬ್ಬರನ್ನೇ ಕರೆದು ಗೋಲು ಹೊಡೆಸುವುದಿಲ್ಲ. ಮೂವರ ಎದುರು ಮೂವರು, ನಾಲ್ವರ ಎದುರು ನಾಲ್ವರು ಎಂದು ಪುಟ್ಟ ಪುಟ್ಟ ಪಂದ್ಯ ಆಡಿಸುತ್ತಾರೆ. ಚೆಂಡು ಎಲ್ಲರ ಕಾಲಿಗೂ ಬರಲಿ ಎಂದು. ಚೆಂಡು ಇಲ್ಲದಾಗ ಮಗು ಏನು ಮಾಡುತ್ತದೆ, ಚೆಂಡು ಕಳೆದುಕೊಂಡ ಮೇಲೆ ನಿಂತುಬಿಡುತ್ತದೋ ಹಿಂದೆ ಓಡುತ್ತದೋ, ಇದನ್ನೆಲ್ಲ ನೋಡಿ ಬರೆದುಕೊಳ್ಳುತ್ತಾರೆ. ಗೋಲ್‌ಕೀಪರ್ ಮಕ್ಕಳಿಗೆ ಬೇರೆಯೇ ಮೂಲೆ.

ಇಪ್ಪತ್ತೈದು ನಿಮಿಷ ಆಗಿರಬೇಕು, ಗುಡುಗಿತು. ಕೂಡಲೇ ಸೀಟಿ. ಎಲ್ಲ ಮಕ್ಕಳೂ ಕಾರುಗಳಿಗೆ ಓಡಿದರು. ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವವರೆಗೆ ಯಾರೂ ಮೈದಾನಕ್ಕೆ ಇಳಿಯುವಂತಿಲ್ಲ. ಮಧ್ಯೆ ಇನ್ನೊಮ್ಮೆ ಗುಡುಗಿದರೆ ಲೆಕ್ಕ ಮತ್ತೆ ಸೊನ್ನೆಯಿಂದ. ಮೂರು ಸಲ ಸೊನ್ನೆಯಾದ ಮೇಲೆ ಕತ್ತಲಾಯಿತು. ಮಳೆ ಬಂದರೆ ಇಂಥ ದಿನ ಎಂದು ಒಂದು ಕಾಯ್ದಿಟ್ಟ ದಿನ ಕ್ಲಬ್ಬಿನವರ ವೇಳಾಪಟ್ಟಿಯಲ್ಲಿ ಇರಲಿಲ್ಲ. ಗುರುವಾರ ಪುಟ್ಟಿ ಅರ್ಧ ಗಂಟೆ ಆಡಿ, ಕಾರಿನಲ್ಲೇ ಬಟ್ಟೆ ಬದಲಿಸಿ ಹಾಡಲು ಹೋದಳು.

ಶನಿವಾರ ರಾತ್ರಿ ಇಮೇಲ್ ಬಂತು. ಪುಟ್ಟಿ ಎರಡನೆಯ ತಂಡಕ್ಕೆ. ಮಕ್ಕಳಿಗೆ ಬೇಸರವಾಗದಿರಲಿ ಎಂದು ತಂಡಗಳಿಗೆ ಒಂದು, ಎರಡು ಎನ್ನದೆ ಬಣ್ಣದ ಹೆಸರಿಟ್ಟಿರುತ್ತಾರೆ. ಆದರೆ ಯಾವ ಬಣ್ಣ ಎಷ್ಟನೆಯದು ಎಂಬುದು ಮಕ್ಕಳಿಗೆ ನಮಗಿಂತ ಮೊದಲೇ ಗೊತ್ತು. ಅವಳ ಜೀವದ ಗೆಳತಿ ಮೊದಲ ತಂಡದಲ್ಲಿದ್ದಳು. ಪುಟ್ಟಿ ಅಳಲಿಲ್ಲ. ಕಾಲುಚೀಲ ಕಳಚಿ, ಚೆಂಡನ್ನು ಮಂಚದ ಕೆಳಗೆ ತಳ್ಳಿ ಮಲಗಿದಳು. ಅತ್ತಿದ್ದರೆ ವಾಸಿಯಿತ್ತು.

ಇಮೇಲಿನಲ್ಲಿ ಇನ್ನೊಂದು ಸಾಲಿತ್ತು. 48 ಗಂಟೆಯೊಳಗೆ ಒಪ್ಪಿಗೆ ತಿಳಿಸಿ ಮುಂಗಡ ಕಟ್ಟಬೇಕು. ಪಕ್ಕದ ಊರಿನ ಕ್ಲಬ್ಬಿನ ಆಯ್ಕೆ ಇದ್ದದ್ದು ಬುಧವಾರ. ಅಂದರೆ ಅಲ್ಲಿ ಏನಾಗುತ್ತದೆ ಎಂದು ತಿಳಿಯುವ ಮೊದಲೇ ಇಲ್ಲಿ ಹಣ ಕಟ್ಟಿರಬೇಕು. ಗಿರಾಕಿ ಬೇರೆ ಬ್ಯಾಂಕಿನ ಬಡ್ಡಿದರ ಕೇಳಿಬರುವ ಮೊದಲೇ ಠೇವಣಿ ಇಡಿಸಿಕೊಂಡ ಹಾಗೆ. “ಮಾವ, ಮಳೆಯಿಂದ ಹೀಗಾಯ್ತು. ಬಿಟ್ಟುಬಿಡೋಣ, ಆ ಕ್ಲಬ್ಬಿಗೇ ಹೋಗೋಣ” ಎಂದ ಅಳಿಯ. ನಾನೆಂದೆ, “ಸಿಟ್ಟಿನಲ್ಲಿ ಖಾತೆ ಮುಚ್ಚಬಾರದು. ಮೊದಲು ಲೆಕ್ಕ ಕೇಳೋಣ.”

ಭಾನುವಾರ ತರಬೇತುದಾರ್ತಿಗೆ ಫೋನ್ ಮಾಡಿದೆವು. “ಏಕೆ ಆಯ್ಕೆಯಾಗಲಿಲ್ಲ” ಎಂದು ಕೇಳಲಿಲ್ಲ. “ಎರಡನೆಯ ತಂಡದಲ್ಲಿ ಅವಳು ಎಷ್ಟು ಹೊತ್ತು ಆಡುತ್ತಾಳೆ? ಏನು ಸುಧಾರಿಸಬೇಕು?” ಎಂದು ಕೇಳಿದೆವು. ಆಕೆ ಮುಚ್ಚುಮರೆಯಿಲ್ಲದೆ ಹೇಳಿದಳು: ಎರಡು ಸಂಜೆಯ ಆಟವನ್ನಷ್ಟೇ ನೋಡಿ ಅಲ್ಲ, ವರ್ಷವಿಡೀ ನೋಡಿ ನಿರ್ಧರಿಸಿದ್ದು. ಚೆಂಡಿನ ಮೇಲೆ ಹಿಡಿತ ಚೆನ್ನಾಗಿದೆ. ಆದರೆ ಮೈಗೆ ಮೈ ತಾಗಿದಾಗ ಹಿಂದೆ ಬೀಳುತ್ತಾಳೆ. ಮೊದಲ ತಂಡಕ್ಕೆ ತೆಗೆದುಕೊಂಡರೆ ಕೊನೆಯವಳಾಗಿ ಬೆಂಚಿನಲ್ಲಿ ಕೂರಬೇಕಾಗುತ್ತದೆ. ಎರಡನೆಯದರಲ್ಲಿ ಹೆಚ್ಚು ಹೊತ್ತು ಆಡುತ್ತಾಳೆ.

ಫೋನ್ ಇಟ್ಟ ಮೇಲೆ ಕಾಗದ, ಪೆನ್ಸಿಲು ತಂದೆ. ಪುಟ್ಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಹಿಂದಿನ ವರ್ಷ ಅವಳು ಆಡುತ್ತಿದ್ದದ್ದು ಒಂದು ಕಡೆಗೆ ಏಳೇ ಮಂದಿಯ ಆಟ. ಈ ವರ್ಷ, ಅಂದರೆ 11ರ ಒಳಗಿನ ಗುಂಪಿನಲ್ಲಿ, ಒಂಬತ್ತು ಮಂದಿ. 13ರ ಒಳಗಿನ ಗುಂಪಿಗೆ ಹೋದ ಮೇಲಷ್ಟೇ ನಾವು ಟಿ.ವಿ.ಯಲ್ಲಿ ನೋಡುವ ಹನ್ನೊಂದು. ಒಂಬತ್ತು ಮಂದಿಯ ಪಂದ್ಯ 60 ನಿಮಿಷ. ಒಂಬತ್ತನ್ನು ಅರವತ್ತರಿಂದ ಗುಣಿಸಿದರೆ 540 ನಿಮಿಷ. ಇದೇ ತಂಡದ ಒಟ್ಟು ಬಂಡವಾಳ. ತಂಡದಲ್ಲಿ 12 ಮಂದಿ ಇದ್ದು ಸಮನಾಗಿ ಹಂಚಿದರೆ ತಲೆಗೆ 45 ನಿಮಿಷ. 16 ಮಂದಿ ಇದ್ದರೆ 34 ನಿಮಿಷವೂ ಸಿಗದು. ಗೆಲ್ಲಲೇಬೇಕೆನ್ನುವ ತಂಡದಲ್ಲಿ ಸಮನಾಗಿ ಹಂಚುವುದೂ ಇಲ್ಲ. ಹಾಗೆಂದು 12 ಮಂದಿಯನ್ನೇ ಇಟ್ಟುಕೊಂಡರೆ ಒಬ್ಬಳಿಗೆ ಜ್ವರ, ಇನ್ನೊಬ್ಬಳಿಗೆ ಕಾಲು ಉಳುಕು, ಆಟಕ್ಕೇ ಸಂಚಕಾರ. ತಂಡ ಕಟ್ಟುವವರ ಕಷ್ಟವೂ ಅರ್ಥವಾಯಿತು.

ಪುಟ್ಟಿ ಕಾಗದ ನೋಡಿ ಕೇಳಿದಳು, “ಅಜ್ಜ, ಅಲ್ಲಿ ನಾನು ಆಡ್ತೀನಾ, ಕೂತ್ಕೋತೀನಾ?”

“ಇಲ್ಲಿ ಆಡ್ತೀಯ. ಅಲ್ಲಿ ಜಾಸ್ತಿ ಕೂತ್ಕೋಬೇಕು.”

“ಹಾಗಿದ್ರೆ ಇಲ್ಲೇ ಇರ್ತೀನಿ” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಆದ್ರೆ ಅವರೆಲ್ಲ ಯಾಕೆ ನನಗಿಂತ ಸ್ಟ್ರಾಂಗು?” ಎಂದಳು.

ನಾನು ಕೇಳಿದೆ, “ಮೊದಲ ತಂಡದ ಹುಡುಗಿಯರ ಬರ್ತ್‌ಡೇ ಯಾವಾಗ, ಹೇಳು ನೋಡೋಣ.” ಯಾರ ಬರ್ತ್‌ಡೇ ಎಂದು ಎಂಬುದನ್ನು ಮಕ್ಕಳು ಮರೆಯುವುದುಂಟೇ? ಬೆರಳು ಮಡಚುತ್ತಾ ಹೋದಳು. ಜನವರಿ, ಫೆಬ್ರವರಿ, ಮಾರ್ಚ್, ಮತ್ತೆ ಮಾರ್ಚ್, ಏಪ್ರಿಲ್... ವರ್ಷದ ಕೊನೆಯ ತಿಂಗಳುಗಳಿಗೆ ಬರುವಷ್ಟರಲ್ಲಿ ಹೆಸರು ಮುಗಿದಿದ್ದವು. ಪುಟ್ಟಿ ಹುಟ್ಟಿದ್ದು 2015ರ ನವೆಂಬರ್. ಆಗಿನ ನಿಯಮದಲ್ಲಿ ಜನವರಿ 1ರಿಂದ ಡಿಸೆಂಬರ್ 31ರವರೆಗೆ ಹುಟ್ಟಿದವರೆಲ್ಲ ಒಂದೇ ಗುಂಪು. ಅವಳ ಗೆಳತಿ ಅವಳಿಗಿಂತ ಹತ್ತು ತಿಂಗಳು ದೊಡ್ಡವಳು, ಶಾಲೆಯಲ್ಲೂ ಒಂದು ತರಗತಿ ಮುಂದೆ. ಒಂಬತ್ತು ವರ್ಷದ ಮಗುವಿಗೆ ಹತ್ತು ತಿಂಗಳೆಂದರೆ ಸಣ್ಣ ಮೊತ್ತವಲ್ಲ.

ಇದು ಅಜ್ಜನ ಸಮಾಧಾನದ ಮಾತು ಮಾತ್ರವಲ್ಲ. ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು 1980ರ ದಶಕದಲ್ಲೇ ಐಸ್ ಹಾಕಿ ಆಟಗಾರರಲ್ಲಿ ಇದನ್ನು ತೋರಿಸಿದ್ದರು. ಆಯ್ದ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು. ಫುಟ್‌ಬಾಲಿನಲ್ಲೂ ಇದೇ ಕಥೆ. ಎಳೆಯ ವಯಸ್ಸಿನಲ್ಲಿ ಸ್ವಲ್ಪ ದೊಡ್ಡವನು ಜಾಣನಾಗಿ ಕಾಣುತ್ತಾನೆ, ಆಯ್ಕೆಯಾಗುತ್ತಾನೆ. ಆಯ್ಕೆಯಾದವನಿಗೆ ಒಳ್ಳೆಯ ತರಬೇತಿ ಸಿಗುತ್ತದೆ, ತರಬೇತಿಯಿಂದ ನಿಜವಾಗಿಯೂ ಮುಂದೆ ಹೋಗುತ್ತಾನೆ. ಚಕ್ರಬಡ್ಡಿ ಬೆಳೆಯುವುದೂ ಹೀಗೆಯೇ. ಹಿಂದೆ ಉಳಿದ ಮಗು ತನಗೆ ಆಟವೇ ಬಾರದು ಎಂದುಕೊಂಡು ಬಿಟ್ಟುಬಿಡುತ್ತದೆ.

ಅಂದು ಪುಟ್ಟಿಗೆ ನನ್ನ ಜೂನ್ 1ರ ಕಥೆ ಹೇಳಿದೆ. “ನಿಂಗೆ ಎರಡು ಬರ್ತ್‌ಡೇನಾ ಅಜ್ಜ!” ಎಂದು ಬಿದ್ದು ಬಿದ್ದು ನಕ್ಕಳು. ಸಂಜೆ ಮಂಚದ ಕೆಳಗಿನಿಂದ ಚೆಂಡು ಹೊರಗೆ ಬಂತು.

ಅಕ್ಟೋಬರಿನಲ್ಲಿ ಊರಿಗೆ ಮರಳುವ ಮೊದಲು ಅವಳ ಪಂದ್ಯಗಳನ್ನು ನೋಡಿದೆ. ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆದರೆ ಅವಳು ಮೈದಾನದಲ್ಲಿದ್ದಳು. ನಾನು ಪ್ರತಿ ಪಂದ್ಯಕ್ಕೂ ನಿಮಿಷ ಬರೆದಿಟ್ಟೆ. ನಲವತ್ತಕ್ಕೆ ಕಡಿಮೆಯಾದದ್ದು ಒಂದೇ ದಿನ, ಅಂದು ಅವಳಿಗೆ ಕೆಮ್ಮಿತ್ತು.

ಈಗ ಕಥೆಗೆ ಹೊಸ ತಿರುವು ಸಿಕ್ಕಿದೆ. 2026-27ರ ಋತುವಿನಿಂದ ಅಲ್ಲಿಯ ಪ್ರಮುಖ ಸಂಸ್ಥೆಗಳು ಮಕ್ಕಳ ವಯೋಗುಂಪಿನ ಗಡಿಯನ್ನು ಬದಲಿಸುತ್ತಿವೆ. ಜನವರಿ 1ರ ಬದಲು ಆಗಸ್ಟ್ 1ರಿಂದ ಜುಲೈ 31. ಒಂದೇ ತರಗತಿಯ ಮಕ್ಕಳು ಆದಷ್ಟು ಒಂದೇ ತಂಡದಲ್ಲಿ ಆಡಲಿ ಎಂಬ ಉದ್ದೇಶ. ಇದರಿಂದ ನವೆಂಬರಿನ ಪುಟ್ಟಿ ಗುಂಪಿನ ಕಿರಿಯರಲ್ಲಿದ್ದವಳು ಹಿರಿಯರಲ್ಲಿ ಒಬ್ಬಳಾಗುತ್ತಾಳೆ. ಆದರೆ 11ರ ಒಳಗಿನ ಗುಂಪಿನಲ್ಲೇ ಇನ್ನೊಂದು ವರ್ಷ ಇರಬೇಕು. ಗೆಳತಿ 12ಕ್ಕೆ ಹೋಗುತ್ತಾಳೆ. ಮೊನ್ನೆ ವಿಡಿಯೊ ಕರೆಯಲ್ಲಿ ಮುಖ ಸಣ್ಣದು ಮಾಡಿಕೊಂಡು ಕೇಳಿದಳು, “ಅಜ್ಜ, ನಾನು ಫೇಲಾ?”

“ಫೇಲಲ್ಲ ಪುಟ್ಟಿ. ಗೆರೆ ಜರುಗಿದೆ, ಅಷ್ಟೆ. ನೀನು ನಿಂತಲ್ಲೇ ಇದ್ದೀಯ” ಎಂದೆ. ಆಮೇಲೆ ಇನ್ನೊಂದು ಮಾತನ್ನೂ ಹೇಳಿದೆ. “ಈ ಸಲ ಜುಲೈನಲ್ಲಿ ಹುಟ್ಟಿದ ಹುಡುಗಿಯರು ನಿನ್ನ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವರು. ಅವರು ಹಿಂದೆ ಬಿದ್ದರೆ ಏಕೆ ಎಂದು ನಿನಗೆ ಗೊತ್ತು.” ಗೆರೆ ಎಲ್ಲಿ ಎಳೆದರೂ ಅದರ ಅಂಚಿನಲ್ಲಿ ಒಂದು ಮಗು ನಿಂತಿರುತ್ತದೆ.

ನಮ್ಮ ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೂ, ಕ್ರಿಕೆಟ್ ಶಿಬಿರಕ್ಕೂ ಮಕ್ಕಳನ್ನು ಆರಿಸುವ ಮೇಷ್ಟ್ರುಗಳಲ್ಲಿ ಈ ಮುದುಕನದೊಂದು ಕೋರಿಕೆ. ಹೆಸರಿನ ಪಕ್ಕದಲ್ಲಿ ಹುಟ್ಟಿದ ತಿಂಗಳನ್ನೂ ಬರೆದುಕೊಳ್ಳಿ. ಮಳೆಗೊಂದು ದಿನ ಕಾಯ್ದಿಡಿ. ಬಿಟ್ಟುಹೋದ ಮಗುವಿಗೆ ಏಕೆಂದು ಎರಡು ಮಾತು ಹೇಳಿ. ಮಕ್ಕಳೇ, ಆಯ್ಕೆಯಾಗದೆ ಮನೆಗೆ ಬಂದ ದಿನ ಚೆಂಡನ್ನು ಮಂಚದ ಕೆಳಗೆ ತಳ್ಳಬೇಕೆನಿಸಿದರೆ ತಳ್ಳಿ. ಆದರೆ ತುಂಬ ಒಳಗೆ ತಳ್ಳಬೇಡಿ, ಮರುದಿನ ಕೈಗೆ ಸಿಗುವಂತಿರಲಿ.

ಈ ಮೇ ತಿಂಗಳ ಆಯ್ಕೆಗೆ ಪುಟ್ಟಿ ತಯಾರಾಗುತ್ತಿದ್ದಾಳೆ. ಈ ಸಲದ ವೇಳಾಪಟ್ಟಿಯಲ್ಲಿ ಮಳೆಗೆಂದು ಒಂದು ಶನಿವಾರ ಇಟ್ಟಿದ್ದಾರಂತೆ. ನಂಬರು ಹಂಚುವ ಮೇಜು ಮಾತ್ರ ಒಂದೇ.