ಬಾರದ ಹಲ್ಲಿನ ದಾರಿಗೆ ಅಡ್ಡ ನಿಂತ ಹಲ್ಲು

"ಹಲ್ಲಿನ ಮ್ಯಾಲ ಹಲ್ಲು ಬಂದೈತಿ, ದೈವವಂತ ಕೂಸು." ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಮನೆಗಳಲ್ಲಿ ಇಂಥ ಮಾತು ಕೇಳಿಬರುವುದುಂಟು. ಆದರೆ ಹೀಗೆ ಮೇಲೇರಿ ಕುಳಿತದ್ದು ಬಹುಪಾಲು ಜಾಗ ಸಿಗದ ಕೋರೆಹಲ್ಲು. ಹೆಚ್ಚಿನದೆಂದು ಅದನ್ನು ಕೀಳಿಸಿದರೆ ಬಾಳಿನುದ್ದಕ್ಕೂ ಬೇಕಾದ ಹಲ್ಲೇ ಹೋಗುತ್ತದೆ. ಆರೇಳು ವರ್ಷದ ಮಕ್ಕಳ ಕೆಳದವಡೆಯಲ್ಲಿ ಕಾಣುವ ಎರಡು ಸಾಲೂ ಹೆಚ್ಚುವರಿಯಲ್ಲ. ಹಾಲುಹಲ್ಲು ಬೀಳುವ ಮುನ್ನವೇ ಹಿಂದೆ ಶಾಶ್ವತ ಹಲ್ಲು ಮೂಡಿರುತ್ತದೆ, ಅಷ್ಟೆ.

20 ಹಾಲುಹಲ್ಲು, 32 ಶಾಶ್ವತ ಹಲ್ಲು ಎಂಬ ಲೆಕ್ಕ ಮೀರಿದ್ದು ನಿಜವಾದ ಹೆಚ್ಚುವರಿ ಹಲ್ಲು. ಶಾಶ್ವತ ಹಲ್ಲುಗಳಲ್ಲಿ ಇದು ನೂರಕ್ಕೆ ಒಂದರಿಂದ ಮೂರು ಜನರಲ್ಲಿ ಕಾಣುತ್ತದೆ. ಹುಡುಗರಲ್ಲಿ ಸುಮಾರು ಎರಡು ಪಟ್ಟು. ಹೆಚ್ಚಾಗಿ ಮೇಲಿನ ಎರಡು ಮುಂಬಲ್ಲುಗಳ ನಡುವೆ, ಮೊಳೆಯಂತೆ ಚೂಪಾಗಿರುತ್ತದೆ.

ಕಣ್ಣಿಗೆ ಕಾಣದಿದ್ದರೆ ತೊಂದರೆಯಿಲ್ಲ ಎಂಬ ನಂಬಿಕೆಯೇ ಹೆಚ್ಚು ಹಾನಿ ಮಾಡುವುದು. ಅನೇಕ ಹೆಚ್ಚುವರಿ ಹಲ್ಲುಗಳು ಹೊರಗೆ ಬರುವುದೇ ಇಲ್ಲ. ಮೂಳೆಯೊಳಗೆ ಉಳಿಯುತ್ತವೆ, ಕೆಲವು ತಲೆಕೆಳಗಾಗಿ ಮೂಗಿನತ್ತ ತಿರುಗಿರುತ್ತವೆ. ಏಳೆಂಟನೇ ವಯಸ್ಸಿಗೆ ಇಳಿಯಬೇಕಾದ ಮುಂಬಲ್ಲು ಇದರಿಂದ ತಡೆದು ನಿಲ್ಲುತ್ತದೆ, ಇಲ್ಲವೇ ತಿರುಚಿಕೊಳ್ಳುತ್ತದೆ. ಅಪರೂಪಕ್ಕೆ ಸುತ್ತ ನೀರುಗಂಟೂ ಆಗಬಹುದು. ಒಂದು ಮುಂಬಲ್ಲು ಬಂದು ಆರು ತಿಂಗಳಾದರೂ ಜೊತೆಯದು ಬಾರದಿದ್ದರೆ, ಅಥವಾ ಮುಂಬಲ್ಲಿಗಿಂತ ಮೊದಲೇ ಅದರ ಪಕ್ಕದ ಹಲ್ಲು ಬಂದರೆ, ಎಕ್ಸ್‌ರೇ ಮಾಡಿಸಲೇಬೇಕು. "ದೊಡ್ಡವ ಆದಂಗ ತಾನ ಸರಿಹೋಗ್ತೈತಿ" ಎಂದು ಕಾಯುತ್ತ ಕೂತರೆ ಅಮೂಲ್ಯ ಸಮಯ ಜಾರುತ್ತದೆ.

ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆಂಬ ಭಯವೂ ಇದೆ. ದೃಷ್ಟಿಯ ನರವೇ ಬೇರೆ, ಹಲ್ಲಿನ ನರವೇ ಬೇರೆ. ಒಸಡಿಗೆ ಮರಗಟ್ಟಿಸುವ ಸೂಜಿ ಕೊಟ್ಟು, ಒಸಡು ಬಿಡಿಸಿ, ಬೇಕಾದಷ್ಟೇ ಮೂಳೆ ಸರಿಸಿ ಹಲ್ಲು ತೆಗೆಯುತ್ತಾರೆ. ತೀರ ಚಿಕ್ಕ ಮಗುವಾದರೆ, ಹಲ್ಲು ಆಳದಲ್ಲಿದ್ದರೆ ಪೂರ್ತಿ ಅರಿವಳಿಕೆ ಬೇಕಾದೀತು.

ಹಾಗೆಂದು ಎಲ್ಲವನ್ನೂ ತಕ್ಷಣ ಕೀಳಬೇಕಿಲ್ಲ. ದಾರಿ ಅಡ್ಡಗಟ್ಟಿದ್ದನ್ನು ಆರೇಳು ವರ್ಷದ ಹೊತ್ತಿಗೇ ತೆಗೆದರೆ ಮುಂಬಲ್ಲು ತಾನಾಗಿ ಇಳಿಯುವ ಸಾಧ್ಯತೆ ಹೆಚ್ಚು. ತೊಂದರೆ ಕೊಡದಿದ್ದರೆ ಪಕ್ಕದ ಹಲ್ಲುಗಳ ಬೇರು ಬಲಿಯಲೆಂದು ವೈದ್ಯರು ಕಾಯುವುದೂ ಉಂಟು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಬಾರದ ಹಲ್ಲಿನ ವಿಷಯ ಹೇಳಿ. ಬೆಳಗಾವಿಯ ಕೆಎಲ್ಇ ವಿಶ್ವನಾಥ ಕತ್ತಿ ದಂತ ಕಾಲೇಜಿನಲ್ಲಿ ಮಕ್ಕಳ ದಂತ ವಿಭಾಗವಿದೆ. ಶಸ್ತ್ರಚಿಕಿತ್ಸೆಯ ನಂತರ ಆರು ತಿಂಗಳಿಂದ ವರ್ಷದೊಳಗೆ ಮುಂಬಲ್ಲು ಇಳಿಯದಿದ್ದರೆ ಮತ್ತೆ ತೋರಿಸಿ. ಅದನ್ನು ತಂತಿ ಕಟ್ಟಿ ಎಳೆದು ತರಬೇಕಾಗಬಹುದು.