ನೋಡುಗರಿಲ್ಲದ ಆಟ

ವಿಡಿಯೊ ಗೇಮ್ ಆಡುತ್ತಲೇ ಅದನ್ನು ಅಂತರ್ಜಾಲದಲ್ಲಿ ನೇರ ಪ್ರಸಾರ ಮಾಡಲು ನೆರವಾಗುವ ‘ಟ್ವಿಚ್’ ತಾಣ ಅಮೆರಿಕದಲ್ಲಿ ಹುಟ್ಟಿದ್ದು 2011ರಲ್ಲಿ. ನೋಡುಗರೇ ಇರದ ಪ್ರಸಾರಗಳು ಅಲ್ಲಿ ಲೆಕ್ಕವಿಲ್ಲದಷ್ಟು. ಹೆಚ್ಚು ಜನ ನೋಡುವುದನ್ನೇ ಮೇಲಿಡುವ ಪಟ್ಟಿಯಲ್ಲಿ ಹೊಸಬರು ತಳ ಸೇರುತ್ತಾರೆ. ಕಾಣದ್ದರಿಂದ ಯಾರೂ ಬರುವುದಿಲ್ಲ, ಯಾರೂ ಬಾರದ್ದರಿಂದ ಕಾಣುವುದೂ ಇಲ್ಲ.

ಆದರೂ ಬಿಡುವುದಿಲ್ಲವೇಕೆ? ಹಣದಾಸೆ ಒಂದು ಕಾರಣ. 2017ರಲ್ಲಿ ತಾಣವು ಸಣ್ಣವರಿಗೂ ಗಳಿಕೆಯ ದಾರಿ ತೆರೆದಾಗ ಒಡ್ಡಿದ ಷರತ್ತುಗಳಲ್ಲೊಂದು, ಸರಾಸರಿ 3 ನೋಡುಗರು.

ಇನ್ನೊಂದು ಕಾರಣ, ಮಾತಿನ ಹಂಬಲ. ಒಂಟಿಯಾಗಿ ಆಡುವವರು ಮೌನಿಗಳು. ಪ್ರಸಾರ ಶುರುವಾದೊಡನೆ ಪ್ರತಿ ನಡೆಯನ್ನೂ ಬಾಯಿಬಿಟ್ಟು ವಿವರಿಸುತ್ತಾರೆ. ರೂಢಿಯಾಗುತ್ತದೆ, ಸಂಕೋಚ ಕಳೆಯುತ್ತದೆ. ಎಲ್ಲಿಂದಲೋ ಯಾರೋ ಒಬ್ಬರು ಬಂದು ‘ನಮಸ್ಕಾರ’ ಎಂದು ಬರೆದರೆ, ಆ ಸಂಜೆಗೆ ಅಷ್ಟು ಸಾಕು.